ಕೈಹಿಡಿದ ಅಣುಗಳು: ಕೆಂಗೇರಿಯಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ ಒಂದು ಪಯಣ

ಬೆಂಗಳೂರಿನ ಪಶ್ಚಿಮ ಭಾಗವನ್ನು ನೋಡಹೊರಟವರು ಕಣ್ಣಿಗಿಂತ ಮೊದಲು ಮೂಗನ್ನು ಸಿದ್ಧಪಡಿಸಿಕೊಳ್ಳುವುದು ಮೇಲು. ಕೆಂಗೇರಿಯಲ್ಲಿ ಬಸ್ಸು ಹತ್ತಿ ಮೈಸೂರು ರಸ್ತೆಯಲ್ಲಿ ನಗರದ ಕಡೆಗೆ ಮುಖ ಮಾಡಿದರೆ ಸಾಕು, ವೃಷಭಾವತಿ ತನ್ನ ಇರವನ್ನು ತಾನೇ ಸಾರುತ್ತಾಳೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದವಳೆಂದು ಜನ ನಂಬಿರುವ ಈ ನದಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಹೆಸರಿಗೆ ನದಿ, ಹೊರುವುದು ನಗರದ ಕೊಳಚೆಯನ್ನು. ನಾಯಂಡಹಳ್ಳಿ ಸಮೀಪಿಸಿದಂತೆ ಬಸ್ಸಿನ ಹಳಬರು ಮಾತು ನಿಲ್ಲಿಸದೆಯೇ ಕಿಟಕಿಯ ಗಾಜನ್ನು ಎಳೆಯುತ್ತಾರೆ. ಹೊಸಬರು ಮಾತು ನಿಲ್ಲಿಸಿ ಕರವಸ್ತ್ರವನ್ನು ಹುಡುಕುತ್ತಾರೆ.

ಈಚಿನ ಒಂದು ಶನಿವಾರ ಈ ಬಸ್ಸಿನಲ್ಲಿ ಕರವಸ್ತ್ರವನ್ನೂ ಹುಡುಕದೆ, ಗಾಜನ್ನೂ ಎಳೆಯದೆ ಕುಳಿತಿದ್ದವರು ಇಬ್ಬರು. ಒಬ್ಬರು ರಸಾಯನಶಾಸ್ತ್ರದ ನಿವೃತ್ತ ಮೇಷ್ಟರು, ಇನ್ನೊಬ್ಬಳು ಬಿ.ಎಸ್‌ಸಿ. ಓದುತ್ತಿರುವ ಅವರ ಮೊಮ್ಮಗಳು. ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಬಾಗಿಲುಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಇಬ್ಬರೂ ಅಲ್ಲಿಗೆ ಹೊರಟಿದ್ದರು.

“ಈ ವಾಸನೆ ಯಾವುದರದು ಹೇಳು, ಮಗು?” ಎಂದರು ಮೇಷ್ಟರು. ಪ್ರಶ್ನೆ ಕೇಳುವ ಅಭ್ಯಾಸ ನಿವೃತ್ತಿಯೊಡನೆ ನಿಂತುಹೋಗುವಂಥದಲ್ಲ.

“ಜಲಜನಕದ ಸಲ್ಫೈಡು, ತಾತ. ಕೊಳೆತ ಮೊಟ್ಟೆಯ ವಾಸನೆ. ಆಮ್ಲಜನಕ ಬತ್ತಿಹೋದ ಕೊಳಚೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಗಂಧಕದ ಲವಣಗಳಿಂದ ಅದನ್ನು ಮಾಡುತ್ತವೆ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮೂಗು ಹಿಡಿದುಬಿಡುತ್ತದೆ.” ಒಂದು ಕ್ಷಣ ತಡೆದು ಅವಳೂ ಕೇಳಿದಳು: “ಆ ಅಣುಗಳಿಗೆ ನೀರಿನ ಅಣುಗಳ ಹಾಗೆ ಒಂದರ ಕೈಯನ್ನು ಇನ್ನೊಂದು ಹಿಡಿಯಲು ಬರುತ್ತದೆಯೆ?”

“ಬರುವುದಿಲ್ಲ. ಮೂವತ್ತು ವರ್ಷ ಹಾಗೆಂದೇ ಪಾಠ ಹೇಳಿದ್ದೇನೆ. ಬರುತ್ತದೆಂದು ಬರೆದ ಹುಡುಗನಿಗೆ ಸೊನ್ನೆ ಕೊಟ್ಟಿದ್ದೇನೆ.”

“ಹಾಗಾದರೆ ಆ ಸೊನ್ನೆಯನ್ನು ಈ ದಿನ ಹಿಂದಕ್ಕೆ ತೆಗೆದುಕೊಳ್ಳಬೇಕಾಗಬಹುದು, ತಾತ.”

ಮೇಷ್ಟರು ಮಾತಾಡಲಿಲ್ಲ. ನಿವೃತ್ತರಾದ ಅಧ್ಯಾಪಕರಿಗೆ ಪಿಂಚಣಿಯಷ್ಟೇ ಪ್ರಿಯವಾದದ್ದು ತಾವು ಹೇಳಿದ ಪಾಠ.

ಅವರ ಪಕ್ಷ ದುರ್ಬಲವಾದುದೇನೂ ಅಲ್ಲ. ನೀರಿನ ಅಣುವಿನಲ್ಲಿ ಇರುವುದು ಆಮ್ಲಜನಕದ ಒಂದು ಪರಮಾಣು, ಜಲಜನಕದ ಎರಡು ಪರಮಾಣುಗಳು. ಆಮ್ಲಜನಕದ ಸ್ಥಾನದಲ್ಲಿ ಗಂಧಕವನ್ನು ಕೂರಿಸಿದರೆ ಅದೇ ವೃಷಭಾವತಿಯ ದುರ್ಗಂಧದ ಅಣು. ಎರಡೂ ಒಡಹುಟ್ಟಿದವರಂತೆ, ಆದರೆ ನಡತೆ ಬೇರೆ. ಗಂಧಕದ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಇಮ್ಮಡಿ ಭಾರ. ಭಾರವಾದದ್ದು ಹೆಚ್ಚು ಶಾಖದಲ್ಲಿ ಕುದಿಯಬೇಕೆಂಬುದು ಸಾಮಾನ್ಯ ನ್ಯಾಯ. ಆದರೆ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಜಲಜನಕದ ಸಲ್ಫೈಡು ಕುದಿಯುವುದು ಶೂನ್ಯಕ್ಕಿಂತ 60 ಡಿಗ್ರಿ ಕೆಳಗೆ. ನೀರಿನ ಅಣುಗಳು ಒಂದರ ಜಲಜನಕವನ್ನು ಇನ್ನೊಂದರ ಆಮ್ಲಜನಕದತ್ತ ಚಾಚಿ ಪರಸ್ಪರ ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. ಈ ಹಿಡಿತಕ್ಕೆ ಜಲಜನಕ ಬಂಧ, ಅಥವಾ ಇಂದಿನ ಪಠ್ಯಗಳ ಮಾತಿನಲ್ಲಿ ಹೈಡ್ರೊಜನ್ ಬಂಧ, ಎಂದು ಹೆಸರು. 1920ರಲ್ಲಿ ಕ್ಯಾಲಿಫೋರ್ನಿಯದ ಲ್ಯಾಟಿಮರ್ ಮತ್ತು ರೋಡ್‌ಬುಶ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸಿದರು. ಅಣುವಿನೊಳಗೆ ಪರಮಾಣುಗಳನ್ನು ಕಟ್ಟಿರುವ ಬಂಧದ ಬಲಕ್ಕೆ ಹೋಲಿಸಿದರೆ ಇದರ ಬಲ ಸುಮಾರು ಇಪ್ಪತ್ತರಲ್ಲೊಂದು ಪಾಲು. ಆದರೂ ಈ ಸಡಿಲವಾದ ಹಿಡಿತವಿಲ್ಲದಿದ್ದರೆ ನೀರು ಭೂಮಿಯ ಮೇಲೆ ಬರಿಯ ಅನಿಲವಾಗಿರುತ್ತಿತ್ತು. ಕೆರೆಯಿಲ್ಲ, ಮಳೆಯಿಲ್ಲ, ಕಾವೇರಿಯಿಲ್ಲ.

ಗಂಧಕಕ್ಕೆ ಈ ಭಾಗ್ಯವಿಲ್ಲವೆಂದು ತೀರ್ಪು ಕೊಟ್ಟವರಲ್ಲಿ ಲೈನಸ್ ಪಾಲಿಂಗರಂಥ ಮಹನೀಯರಿದ್ದರು. ರಾಸಾಯನಿಕ ಬಂಧವನ್ನು ಕುರಿತ ಅವರ ಗ್ರಂಥ 1939ರಲ್ಲಿ ಪ್ರಕಟವಾಯಿತು. ಅವರ ವಾದ ಸರಳವಾದುದು. ಮಂಜುಗಡ್ಡೆಯಲ್ಲಿ ನೀರಿನ ಪ್ರತಿಯೊಂದು ಅಣುವಿಗೂ ನೆರೆಯವರು ನಾಲ್ವರೇ; ಕೈಹಿಡಿಯುವವರಿಗೆ ದಿಕ್ಕು ಬೇಕಲ್ಲವೆ? ಹೆಪ್ಪುಗಟ್ಟಿದ ಜಲಜನಕದ ಸಲ್ಫೈಡಿನಲ್ಲಾದರೋ ಪ್ರತಿಯೊಂದು ಅಣುವಿನ ಸುತ್ತ ಹನ್ನೆರಡು ಅಣುಗಳು. ಹಣ್ಣಿನಂಗಡಿಯಲ್ಲಿ ಪೇರಿಸಿಟ್ಟ ಮೂಸಂಬಿಯ ರಾಶಿಯೂ ಹಾಗೆಯೇ ಇರುತ್ತದೆ. ರಾಶಿ ಬೀಳುವುದಕ್ಕೆ ಯಾವ ದಿಕ್ಕೂ ಬೇಡ. ಆದ್ದರಿಂದ ಅಲ್ಲಿ ಹಿಡಿತವಿಲ್ಲ, ಬರಿಯ ಅಂಟು. ಮುಂದಿನ ಪಠ್ಯಪುಸ್ತಕಗಳು ಇದನ್ನೇ ಹೇಳಿದವು. ಮೇಷ್ಟರೂ ಇದನ್ನೇ ಹೇಳಿದರು.

ಮಾತು ಇಷ್ಟಕ್ಕೆ ಬರುವಷ್ಟರಲ್ಲಿ ಜ್ಞಾನಭಾರತಿಯ ಹಸುರು ಹಿಂದೆ ಸರಿದಿತ್ತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲವಾದ ಆವರಣವದು. ನೆತ್ತಿಯ ಮೇಲೆ ಮೆಟ್ರೊ ರೈಲು ಸದ್ದಿಲ್ಲದೆ ಹಾದುಹೋಗುತ್ತಿತ್ತು. ವಿಜಯನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ನಡುವೆ ಕಾಫಿಗೆ ಬಿಡುವುಂಟು. ಹಣ್ಣು, ಹೂವು, ಹಪ್ಪಳ, ಪುಸ್ತಕಗಳ ಅಂಗಡಿಗಳ ನಡುವಿನ ಹಳೆಯ ಹೋಟೆಲೊಂದರಲ್ಲಿ ತಾತ ಮೊಮ್ಮಗಳು ಕುಳಿತರು. ಮೇಲೆ ಫ್ಯಾನು ರಭಸದಿಂದ ತಿರುಗುತ್ತಿತ್ತು.

“ಇದಕ್ಕೆ ಎಷ್ಟು ರೆಕ್ಕೆ, ತಾತ?”

“ಮೂರು.”

“ಕಾಣುತ್ತಿವೆಯೆ?”

“ತಿರುಗುವಾಗ ಹೇಗೆ ಕಂಡೀತು? ಬಿಲ್ಲೆಯಂತೆ ಕಾಣುತ್ತದೆ. ನಿಲ್ಲಿಸಿದರೆ ರೆಕ್ಕೆ ಕಾಣುತ್ತದೆ,” ಎಂದ ಮೇಷ್ಟರು ಅರ್ಧ ಲೋಟ ಕಾಫಿಯನ್ನು ಹಾಗೆಯೇ ಹಿಡಿದು ಮೇಲೆ ನೋಡುತ್ತ ಕುಳಿತರು. ಬೊಗಸೆಯಷ್ಟು ಮಾತಿನಲ್ಲಿ ಕೊಡದಷ್ಟು ಅರ್ಥ ಕೆಲವೊಮ್ಮೆ ಸೂರಿನಿಂದಲೇ ದೊರೆಯುತ್ತದೆ.

ಅಣುಗಳನ್ನು ಬಲ್ಲವರ ಕಷ್ಟವೂ ಇದೇ. ಸಾಧಾರಣ ಹವೆಯಲ್ಲಿ ಜಲಜನಕದ ಸಲ್ಫೈಡಿನ ಅಣು ಸೆಕೆಂಡಿಗೆ ನಾನೂರು ಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುತ್ತ, ಬುಗುರಿಯಂತೆ ತಿರುಗುತ್ತ, ಸೆಕೆಂಡಿಗೆ ನೂರಾರು ಕೋಟಿ ಸಲ ನೆರೆಯವರಿಗೆ ಡಿಕ್ಕಿ ಹೊಡೆಯುತ್ತಿರುತ್ತದೆ. ಅಂಥ ಗದ್ದಲದಲ್ಲಿ ಎರಡು ಅಣುಗಳು ಕೈಹಿಡಿದರೂ ಮರುಕ್ಷಣವೇ ಬಿಟ್ಟುಹೋಗುತ್ತವೆ. ಹೆಪ್ಪುಗಟ್ಟಿದ ಮೇಲಾದರೂ ಅವು ಸುಮ್ಮನಿರುವುದಿಲ್ಲ. ಹೆಪ್ಪುಗಟ್ಟುವ ಶಾಖಕ್ಕೆ ತುಸು ಕೆಳಗೆ, ಇದ್ದ ಕಡೆಯಲ್ಲೇ ಹೊರಳಾಡುತ್ತಿರುತ್ತವೆ. ಹೊರಳಾಡುವ ಅಣು ಸುತ್ತಲಿನವರಿಗೆ ಉಂಡೆಯಂತೆ ತೋರುತ್ತದೆ, ಫ್ಯಾನು ಬಿಲ್ಲೆಯಂತೆ ತೋರಿದ ಹಾಗೆ. ಉಂಡೆಗಳ ರಾಶಿಯಲ್ಲಿ ಹನ್ನೆರಡು ನೆರೆಯವರಿರುವುದೇ ಸಹಜ. ಇದರಿಂದ ಹಿಡಿತವೇ ಇಲ್ಲವೆಂದು ತೀರ್ಮಾನಿಸುವುದು ತಿರುಗುವ ಫ್ಯಾನಿಗೆ ರೆಕ್ಕೆಗಳೇ ಇಲ್ಲವೆಂದಂತೆ. ಸತ್ಯ ತಿಳಿಯಬೇಕಾದರೆ ಎರಡೇ ಅಣುಗಳನ್ನು ಜನಜಂಗುಳಿಯಿಂದ ಬೇರ್ಪಡಿಸಿ, ಅವುಗಳ ಓಟವನ್ನೂ ತಿರುಗಾಟವನ್ನೂ ಬಹುಮಟ್ಟಿಗೆ ನಿಲ್ಲಿಸಿ, ಆಮೇಲೆ ನೋಡಬೇಕು. ಎಂದರೆ ನಿರಪೇಕ್ಷ ಶೂನ್ಯದ, ಅಂದರೆ 273 ಡಿಗ್ರಿ ಕೆಳಗಿನ ಕಡುಚಳಿಯ, ಹೊಸಿಲಿಗೆ ಅವನ್ನು ಕರೆದೊಯ್ಯಬೇಕು. ಆದರೆ ಹಾಗೆ ತಣಿಸಹೊರಟರೆ ಅವು ಹೆಪ್ಪುಗಟ್ಟಿ ಪಾತ್ರೆಯ ಗೋಡೆಗೆ ಮೆತ್ತಿಕೊಳ್ಳುತ್ತವೆ! ಅನಿಲವಾಗಿಯೇ ಇರಿಸಿ ತಣಿಸುವ ಉಪಾಯವೇನು?

ಉಪಾಯದ ಅರ್ಧ ಪಾಲು ವಿಜಯನಗರದಿಂದ ಮುಂದೆ ಕಾರ್ಡ್ ರಸ್ತೆಯಲ್ಲಿಯೇ ಸಿಗುತ್ತದೆ. ವೃತ್ತದ ಜ್ಯಾದಂತೆ ನಗರದ ಪಶ್ಚಿಮ ಪಾರ್ಶ್ವವನ್ನು ಹಾದು ಯಶವಂತಪುರದತ್ತ ಸಾಗುವ ಈ ರಸ್ತೆಯ ಅಂಚಿನಲ್ಲಿ ಪಂಕ್ಚರ್ ಅಂಗಡಿಗಳಿಗೆ ಬರವಿಲ್ಲ. ಚಕ್ರದ ಗಾಳಿಯನ್ನು ಒಮ್ಮೆಲೇ ಹೊರಕ್ಕೆ ಬಿಡುವಾಗ ವಾಲ್ವನ್ನು ಮುಟ್ಟಿ ನೋಡಿದವರಿಗೆ ಗೊತ್ತು, ಅದು ತಣ್ಣಗಿರುತ್ತದೆ. ಒತ್ತಡದಲ್ಲಿದ್ದ ಗಾಳಿ ಕಿರಿದಾದ ದಾರಿಯಿಂದ ಹೊರಬಿದ್ದು ಹರಡಿಕೊಳ್ಳುವಾಗ ತನ್ನ ಶಾಖವನ್ನು ವೆಚ್ಚಮಾಡಿಕೊಳ್ಳುತ್ತದೆ.

ಬಸವೇಶ್ವರನಗರದ ತಿರುವುಗಳನ್ನು ಬಸ್ಸು ಬಳಸುವಾಗ ಮೇಷ್ಟರು ಕಿಟಕಿಯಿಂದ ಒಂದು ಔಷಧದಂಗಡಿಯನ್ನು ತುಸು ಹೊತ್ತು ನೋಡಿದರು, ಏನನ್ನೂ ಹೇಳಲಿಲ್ಲ. ಮುಂದೆ ರಾಜಾಜಿನಗರ. ಸ್ವಾತಂತ್ರ್ಯಾನಂತರ ಗವರ್ನರ್ ಜನರಲ್ ರಾಜಾಜಿಯವರ ಹೆಸರನ್ನು ಹೊತ್ತು ಬೆಳೆದ ಈ ಬಡಾವಣೆಯಲ್ಲಿ ಒಂದು ಕಡೆ ಮನೆಗಳ ಸಾಲು, ಇನ್ನೊಂದು ಕಡೆ ಲೇತುಗಳ ಸದ್ದು ಕೇಳುವ ಕೈಗಾರಿಕಾ ಪ್ರದೇಶ. ಚಿತ್ರಮಂದಿರದ ಹೆಸರಿನಿಂದಲೇ ಜನ ಗುರುತಿಸುವ ನವರಂಗ್ ವೃತ್ತವೂ ಇಲ್ಲಿಯದೇ.

ಉಪಾಯದ ಉಳಿದರ್ಧವನ್ನು ಕಾಣಲು ಚಿತ್ರಮಂದಿರವೊಂದರಲ್ಲಿ ಹೌಸ್‌ಫುಲ್ ಆಟ ಬಿಡುವ ಹೊತ್ತನ್ನು ನೆನೆದರೆ ಸಾಕು. ಒಳಗೆ ಎಲ್ಲರೂ ಎಲ್ಲ ದಿಕ್ಕಿಗೂ ನುಗ್ಗುತ್ತಾರೆ. ಕೈಹಿಡಿದ ಅಣ್ಣ ತಂಗಿಯರು ಬೇರೆಯಾಗುತ್ತಾರೆ. ಬಾಗಿಲಿನ ಇಕ್ಕಟ್ಟಿನಲ್ಲಿ ಮುಂದಿನವನಿಗೆ ಹಿಂದಿನವನು ತಾಗಿ, ಆತುರದವನ ವೇಗ ತಗ್ಗಿ, ಸಾವಧಾನದವನ ವೇಗ ಹೆಚ್ಚಿ, ಎಲ್ಲರದೂ ಒಂದೇ ನಡಿಗೆಯಾಗುತ್ತದೆ. ಬಾಗಿಲು ದಾಟಿ ಬಯಲಿಗೆ ಬಂದಾಗ ಗುಂಪು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೊರಟಿರುತ್ತದೆ. ರಸ್ತೆಯ ಬದಿಯಲ್ಲಿ ನಿಂತವನಿಗೆ ಅವರು ಓಡುತ್ತಿರುವಂತೆ ಕಂಡರೂ, ಗುಂಪಿನೊಳಗಿನ ಒಬ್ಬನಿಗೆ ಪಕ್ಕದವನು ನಿಂತೇ ಇದ್ದಾನೆ. ಆಗ ಹಿಡಿದ ಕೈ ಬಿಟ್ಟುಹೋಗುವುದಿಲ್ಲ.

ಶಾಖವೆಂದರೆ ಅಣುಗಳ ಅಡ್ಡಾದಿಡ್ಡಿ ಓಟವಲ್ಲದೆ ಬೇರಲ್ಲ. ಓಟವೆಲ್ಲ ಒಂದೇ ದಿಕ್ಕಿಗೆ ತಿರುಗಿ, ಒಂದೇ ಸಮನಾದರೆ, ಅಣುಗಳ ನಡುವೆ ಶಾಖ ಉಳಿಯುವುದಿಲ್ಲ. ಒತ್ತಡದಲ್ಲಿರುವ ಅನಿಲವನ್ನು ಸೂಜಿಮೊನೆಯಂಥ ರಂಧ್ರದಿಂದ ನಿರ್ವಾತದೊಳಕ್ಕೆ ಚಿಮ್ಮಿಸಿದರೆ ಹೀಗಾಗುವುದು. 1951ರಲ್ಲಿ ಕ್ಯಾಂಟ್ರೊವಿಟ್ಸ್ ಮತ್ತು ಗ್ರೇ ಎಂಬವರು ಈ ಬಗೆಯ ಅಣುಧಾರೆಯನ್ನು ಸೂಚಿಸಿದರು. ಶಬ್ದವನ್ನೂ ಮೀರಿದ ವೇಗದಲ್ಲಿ ಹಾರುತ್ತಿರುವ ಅನಿಲ ಅದೇ ಸಮಯದಲ್ಲಿ ಅತ್ಯಂತ ತಣ್ಣಗಿರುವುದು ಪ್ರಕೃತಿಯ ವಿನೋದವೆಂದೇ ಹೇಳಬೇಕು.

ಇಸ್ಕಾನ್ ದೇವಾಲಯದ ಗುಡ್ಡ ದಾಟಿದ ಮೇಲೆ ಬಸ್ಸಿನೊಳಗಿನ ಗಾಳಿ ಬದಲಾಯಿತು. ಮುಚ್ಚಿದ್ದ ಗಾಜುಗಳು ತೆರೆದುಕೊಂಡವು. ಸಾಬೂನು ಕಾರ್ಖಾನೆ! ಮೆಟ್ರೊ ನಿಲ್ದಾಣವೂ ಅದರ ಹೆಸರನ್ನೇ ಇಟ್ಟುಕೊಂಡಿದೆ. ವೃಷಭಾವತಿಯ ದಡದಲ್ಲಿ ಮೂಗು ಮುಚ್ಚಿಸಿದ ಊರು ಇಲ್ಲಿ ಶ್ರೀಗಂಧವನ್ನು ತೇಲಿಬಿಟ್ಟು ಕ್ಷಮೆ ಕೇಳುತ್ತದೆ. ಈ ಪರಿಮಳದ ಹಿಂದೆಯೂ ಟಾಟಾ ಇನ್‌ಸ್ಟಿಟ್ಯೂಟಿನ ಕೈಯುಂಟು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಪ್ರಯೋಗ ನಡೆದದ್ದು ಆ ಸಂಸ್ಥೆಯಲ್ಲಿ. ಅದನ್ನು ನಡೆಸಿದವರು ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು. ಸಾಬೂನಿನ ಸಂಸ್ಥೆ ತನ್ನ ಹುಟ್ಟನ್ನು 1916ರಿಂದ ಎಣಿಸಿಕೊಳ್ಳುತ್ತದೆ.

ಇಲ್ಲಿಂದ ಹೆಚ್ಚು ದೂರವಿಲ್ಲದ ಹಳೆಯ ತುಮಕೂರು ರಸ್ತೆಯಲ್ಲಿ 1936ರಲ್ಲಿ ಆರಂಭವಾದ ಮೈಸೂರು ಲ್ಯಾಂಪ್ ಕಾರ್ಖಾನೆಯಿತ್ತು. ಅದು ಈಗ ಮುಚ್ಚಿಹೋಗಿದೆ. ಗಾಜಿನ ಬುರುಡೆಯಿಂದ ಗಾಳಿಯನ್ನು ಹೊರಕ್ಕೆಳೆದು, ತಂತಿ ಸುಟ್ಟುಹೋಗದಂತೆ ಆರ್ಗಾನ್ ಅನಿಲವನ್ನು ತುಂಬಿ, ಬಾಯಿ ಮುಚ್ಚುವುದು ವಿದ್ಯುದ್ದೀಪ ತಯಾರಿಸುವ ಕ್ರಮ. ನಿರ್ವಾತ, ಆರ್ಗಾನ್ ಎಂಬ ಮಾತುಗಳು ಈ ಭಾಗದ ಕಾರ್ಮಿಕರ ಮನೆಗಳಿಗೆ ಹೊಸವಲ್ಲ. ಮೊಮ್ಮಗಳು ತಾತನನ್ನು ಕರೆದೊಯ್ಯುತ್ತಿದ್ದುದೂ ಅದೇ ನಿರ್ವಾತದ, ಅದೇ ಆರ್ಗಾನಿನ ಕಥೆಗೆ.

ಯಶವಂತಪುರ ಮತ್ತು ಮಲ್ಲೇಶ್ವರಗಳ ಮಗ್ಗುಲಲ್ಲಿ ಮರಗಳ ನೆರಳನ್ನು ಹೊದೆದು ನಿಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜೆಮ್‌ಷೆಟ್‌ಜಿ ಟಾಟಾ ಅವರ ಕನಸು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ, 1909ರಲ್ಲಿ ಸ್ಥಾಪನೆ. ಇದರ ಮೊದಲ ನಿರ್ದೇಶಕ ಮಾರಿಸ್ ಟ್ರ್ಯಾವರ್ಸ್. ಲಂಡನ್ನಿನಲ್ಲಿ ವಿಲಿಯಂ ರ್‍ಯಾಮ್ಸೆಯವರ ಜೊತೆಗೂಡಿ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು ಅವರೇ. ಯಾರ ಜೊತೆಯೂ ಸಂಬಂಧ ಬೆಳೆಸದ ಈ ವಿರಕ್ತ ಅನಿಲಗಳ ಕುಲದಲ್ಲೇ ಆರ್ಗಾನ್, ಹೀಲಿಯಂಗಳೂ ಸೇರಿವೆ. ತಾವು ಯಾರ ಕೈಯನ್ನೂ ಬಿಗಿಯಾಗಿ ಹಿಡಿಯದೆ, ಹಿಡಿಯುವವರನ್ನು ತಣಿಸಿ ಸಾಗಿಸುವ ಕೆಲಸಕ್ಕೆ ಇವುಗಳಿಗಿಂತ ಯೋಗ್ಯರಿಲ್ಲ.

ಆವರಣದ ತುಂಬ ಜನ. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಂದಿರು, ಸಮವಸ್ತ್ರದ ಹುಡುಗರು, ನಕ್ಷೆಯನ್ನು ತಲೆಕೆಳಗಾಗಿ ಹಿಡಿದ ತಂದೆಯರು. ಅಕಾರ್ಬನಿಕ ಮತ್ತು ಭೌತ ರಸಾಯನಶಾಸ್ತ್ರ ವಿಭಾಗದ ಕಡೆಗೆ ಹೋಗುವ ದಾರಿಯ ಮರದಡಿಯಲ್ಲಿ ತಾತ ಮೊಮ್ಮಗಳು ಕುಳಿತರು. ಅವಳು ಕಥೆಯನ್ನು ಪೂರ್ತಿಮಾಡಿದಳು. ಅದರ ಸಾರ ಇಷ್ಟು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬ್ಯಾಲ್ ಮತ್ತು ಫ್ಲೈಗೇರ್ ಎಂಬವರು 1979ರ ಸುಮಾರಿಗೆ ಒಂದು ಹೊಸ ಬಗೆಯ ರೋಹಿತಮಾಪಕವನ್ನು ಕಟ್ಟಿದರು. ಫ್ಲೈಗೇರ್ 1981ರಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಅವರ ಹಿರಿಯ ಸಹೋದ್ಯೋಗಿ ಗುಟೋವ್ಸ್ಕಿ ಆ ಕೆಲಸವನ್ನು ಮುಂದುವರಿಸಿದರು. ಗುಟೋವ್ಸ್ಕಿಯವರ ಬಳಿ ಕೆಲಸ ಮಾಡಿದ ಇ. ಅರುಣನ್ ಅವರು ಬೆಂಗಳೂರಿಗೆ ಬಂದು ಅಂಥದೇ ಯಂತ್ರವನ್ನು ಈ ಸಂಸ್ಥೆಯಲ್ಲಿ ಕಟ್ಟಿಸಿದರು. ಅದರ ವಿವರ 2002ರಲ್ಲಿ, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಬಗೆಯ ಯಂತ್ರದ ಒಡಲು ಉಕ್ಕಿನ ದೊಡ್ಡ ಹಂಡೆಯಂತಿರುತ್ತದೆ. ಪಂಪುಗಳು ಅದರೊಳಗಿನ ಗಾಳಿಯನ್ನೆಲ್ಲ ಹೀರಿ ನಿರ್ವಾತವನ್ನು ಉಂಟುಮಾಡುತ್ತವೆ. ಒಳಗೆ ಎರಡು ಲೋಹದ ಕನ್ನಡಿಗಳು, ಬಾಣಲೆಯಂತೆ ತಗ್ಗಾಗಿ, ಒಂದನ್ನೊಂದು ನೋಡುತ್ತ ನಿಂತಿರುತ್ತವೆ. ಆರ್ಗಾನ್ ಅಥವಾ ಹೀಲಿಯಂನಲ್ಲಿ ಪರೀಕ್ಷಿಸಬೇಕಾದ ಅನಿಲವನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿ, ಸಾಸಿವೆಯ ಕಾಳಿಗಿಂತಲೂ ಕಿರಿದಾದ ರಂಧ್ರವೊಂದರ ಹಿಂದೆ ಒತ್ತಡದಲ್ಲಿ ಕಾಯಿಸಿ ನಿಲ್ಲಿಸಿರುತ್ತಾರೆ. ರಂಧ್ರದ ಬಾಗಿಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಒಂದು ಬುಸುಗುಟ್ಟುವಿಕೆ. ಸೆಕೆಂಡಿಗೆ ಐನೂರು ಮೀಟರಿಗೂ ಮಿಕ್ಕಿದ ವೇಗದಲ್ಲಿ ಆರ್ಗಾನಿನ ಗುಂಪು ಹೊರಬೀಳುತ್ತದೆ. ಕೆಲವು ಅಂಗುಲ ಸಾಗುವಷ್ಟರಲ್ಲಿ ಅದರ ಶಾಖ ನಿರಪೇಕ್ಷ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲಕ್ಕೆ ಇಳಿದಿರುತ್ತದೆ. ರಂಧ್ರದ ಬಳಿಯ ನೂಕುನುಗ್ಗಲಿನಲ್ಲಿ ಕೈಹಿಡಿದ ಎರಡು ಅಣುಗಳು, ಮೂರು ಅಣುಗಳು, ಬಿಡಿಸುವವರಿಲ್ಲದೆ ಹಾಗೆಯೇ ಜೊತೆಯಾಗಿ ಹಾರುತ್ತವೆ. ಇವೇ ಅಣುಗುಚ್ಛಗಳು.

ಗುಚ್ಛವನ್ನು ಮಾಡಿದ್ದಾಯಿತು, ಕಾಣುವುದು ಹೇಗೆ? ಕೆಲವರು ಗುಚ್ಛಗಳನ್ನು ತಕ್ಕಡಿಯಂಥ ಉಪಕರಣದಿಂದ ತೂಗಿ ಎಣಿಸುತ್ತಾರೆ. ಆವಿಯಾದ ಇಂಗಾಲವನ್ನು ಹೀಲಿಯಂನ ಧಾರೆಯಲ್ಲಿ ತಣಿಸಿ, ಹೀಗೆ ತೂಗಿದ್ದರಿಂದಲೇ, 1985ರಲ್ಲಿ ಅರವತ್ತು ಇಂಗಾಲದ ಪರಮಾಣುಗಳ ಚೆಂಡು ಪತ್ತೆಯಾಯಿತು. ಅದಕ್ಕೆ 1996ರ ನೊಬೆಲ್ ಪಾರಿತೋಷಕವೂ ಬಂದಿತು. ಇಲ್ಲಿಯ ಉಪಾಯ ಬೇರೆ. ಗುಂಪು ಕನ್ನಡಿಗಳ ನಡುವೆ ಬಂದಾಗ ಅದರ ಮೇಲೆ ಕ್ಷಣಮಾತ್ರ ಮೈಕ್ರೋವೇವ್ ಅಲೆಯೊಂದನ್ನು ಹಾಯಿಸುತ್ತಾರೆ. ಘಂಟೆಗೆ ಒಂದು ಪೆಟ್ಟು ಕೊಟ್ಟಂತೆ! ಪೆಟ್ಟು ನಿಂತ ಮೇಲೆಯೂ ಘಂಟೆ ನಾದ ಮಾಡುವಂತೆ, ಅಲೆ ನಿಂತ ಮೇಲೂ ತಿರುಗುವ ಗುಚ್ಛಗಳು ತಮ್ಮದೇ ಆದ ಕ್ಷೀಣವಾದ ಅಲೆಯನ್ನು ಹೊರಡಿಸುತ್ತವೆ. ಅದನ್ನು ಹಿಡಿದು, ಮತ್ತೆ ಮತ್ತೆ ಕೂಡಿಸಿ, ಅದರಲ್ಲಿ ಯಾವ ಯಾವ ಶ್ರುತಿಗಳಿವೆಯೆಂದು ಗಣಿತದಿಂದ ಬಿಡಿಸುತ್ತಾರೆ. ಒಮ್ಮೆಗೆ ಹುಡುಕಬಲ್ಲ ಪಟ್ಟಿ ಬಲು ಕಿರಿದು. ಹಳೆಯ ರೇಡಿಯೋದ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ದೂರದ ನಿಲಯವನ್ನು ಹುಡುಕಿದವರಿಗೆ ಈ ತಪಸ್ಸಿನ ಅರಿವಾದೀತು. ಸೆಕೆಂಡಿಗೆ ಸಾವಿರ ಕೋಟಿ ಕಂಪನಗಳ ಒಂದು ಶ್ರುತಿಯನ್ನು, ಕೆಲವು ಸಾವಿರ ಕಂಪನಗಳ ವ್ಯತ್ಯಾಸವೂ ತಿಳಿಯುವಂತೆ ಅಳೆಯಬೇಕು. ಅಲ್ಲಿ ಆತುರಕ್ಕೆ ಎಡೆಯಿಲ್ಲ.

ಶ್ರುತಿಯಿಂದ ಆಕಾರ ತಿಳಿಯುವುದು ಬುಗುರಿಯ ನ್ಯಾಯದಿಂದ. ತೂಕ ದೂರಕ್ಕೆ ಹರಡಿದ್ದರೆ ಒಂದು ಬಗೆಯ ತಿರುಗಾಟ, ಒತ್ತಾಗಿದ್ದರೆ ಇನ್ನೊಂದು ಬಗೆ. ಜಲಜನಕದ ಒಂದು ಪರಮಾಣುವನ್ನು ತೆಗೆದು ಅದರ ಭಾರವಾದ ಸೋದರ ಡ್ಯೂಟೀರಿಯಂ ಅನ್ನು ಇಟ್ಟರೆ ಶ್ರುತಿ ಎಷ್ಟು ಸರಿಯಿತೆಂಬುದರಿಂದ ಆ ಪರಮಾಣು ಕುಳಿತಿದ್ದ ಜಾಗವನ್ನೇ ಗುರುತಿಸಬಹುದು. ನೀರಿನ ಜೋಡಿಯ ಆಕಾರವನ್ನು ಡೈಕ್ ಮತ್ತು ಮ್ಯೂಂಟರ್ ಎಂಬವರು ತಣ್ಣಗಿನ ಅಣುಧಾರೆಯಲ್ಲಿ 1974ರಲ್ಲಿಯೇ ಕಂಡಿದ್ದರು. ಎರಡು ಆಮ್ಲಜನಕಗಳ ನಡುವೆ, ಒಂದು ಸೆಂಟಿಮೀಟರಿನ ಹತ್ತು ಕೋಟಿಯ ಮೂರು ಪಾಲಿನಷ್ಟು ಅಂತರ. ನಡುವೆ ಕೈಯಂತೆ ಚಾಚಿದ ಒಂದು ಜಲಜನಕ.

ಗಂಧಕದ ಜೋಡಿಯ ಸರದಿ ಬಂದದ್ದು ಬಹಳ ತಡವಾಗಿ. ಅರುಣನ್ ಮತ್ತು ಅವರ ಶಿಷ್ಯರು, ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಗಡಿಗರು ಹಾಗೂ ಅಮೆರಿಕದ ಲೋವಾಸ್ ಅವರ ಜೊತೆಗೂಡಿ, 2018ರಲ್ಲಿ ಜರ್ಮನಿಯ ಪ್ರತಿಷ್ಠಿತ ರಸಾಯನ ಪತ್ರಿಕೆಯೊಂದರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಡುಚಳಿಯಲ್ಲಿ ಎರಡೇ ಎರಡು ಜಲಜನಕದ ಸಲ್ಫೈಡಿನ ಅಣುಗಳನ್ನು ಬಿಟ್ಟು ನೋಡಿದಾಗ ಅವು ಉಂಡೆಗಳಂತೆ ಅಂಟಿಕೊಂಡಿರಲಿಲ್ಲ. ನೀರಿನ ಜೋಡಿಯಂತೆಯೇ ಒಂದು ತನ್ನ ಜಲಜನಕವನ್ನು ಇನ್ನೊಂದರ ಗಂಧಕದತ್ತ ಚಾಚಿತ್ತು. ಹಿಡಿತ ನೀರಿಗಿಂತ ಸಡಿಲ, ಆದರೆ ಹಿಡಿತವೇ.

ಈ ಹೊತ್ತಿಗೆ ನಿಘಂಟೂ ಬದಲಾಗಿತ್ತು. ಜಲಜನಕ ಬಂಧವೆಂದರೆ ಏನೆಂಬುದನ್ನು ಹೊಸದಾಗಿ ನಿರೂಪಿಸಲು ಅಂತರರಾಷ್ಟ್ರೀಯ ರಸಾಯನ ಒಕ್ಕೂಟ ಒಂದು ಸಮಿತಿಯನ್ನು ನೇಮಿಸಿತ್ತು; ಅದರ ಅಧ್ಯಕ್ಷತೆ ವಹಿಸಿದವರೂ ಅರುಣನ್ ಅವರೇ. 2011ರಲ್ಲಿ ಹೊರಬಂದ ಆ ನಿರೂಪಣೆ, ಆಮ್ಲಜನಕದಂಥ ಕೆಲವೇ ಕುಲೀನರಿಗೆ ಮೀಸಲಾಗಿದ್ದ ಹಕ್ಕನ್ನು ಸಡಿಲಿಸಿತು. ಹೆಸರು ಯಾವುದೆಂದು ನೋಡಬೇಡಿ. ಹಿಡಿತಕ್ಕೆ ಪ್ರಮಾಣವಿದೆಯೇ ನೋಡಿ ಎಂಬುದು ಅದರ ತಾತ್ಪರ್ಯ. ಪಠ್ಯಪುಸ್ತಕಗಳು ಬದಲಾಗಲು ಕಾಲ ಹಿಡಿಯುತ್ತದೆ. ಮೇಷ್ಟರುಗಳು ಬದಲಾಗಲು ಅದಕ್ಕಿಂತ ಹೆಚ್ಚು.

ಮೊಮ್ಮಗಳು ಮಾತು ಮುಗಿಸಿ ತಾತನ ಮುಖ ನೋಡಿದಳು.

“ಚಳಿ ಕೈಹಿಡಿಸಲಿಲ್ಲ, ಅಲ್ಲವೆ?” ಎಂದರು ಮೇಷ್ಟರು ಬಹಳ ಹೊತ್ತಿನ ಮೇಲೆ. “ಹಿಡಿಯುವ ಸ್ವಭಾವ ಮೊದಲೇ ಇತ್ತು. ಚಳಿ ಗದ್ದಲವನ್ನು ಮಾತ್ರ ನಿಲ್ಲಿಸಿತು.”

“ಹೌದು, ತಾತ. ಫ್ಯಾನನ್ನು ನಿಲ್ಲಿಸಿದ ಹಾಗೆ.”

ಹಿಂದಿರುಗುವ ಬಸ್ಸು ಕಾರ್ಡ್ ರಸ್ತೆಯಲ್ಲಿ ದೀಪಗಳು ಹೊತ್ತಿಕೊಳ್ಳುವ ವೇಳೆಗೆ ಬಸವೇಶ್ವರನಗರವನ್ನು ಮುಟ್ಟಿತು. ಟಿಕೆಟ್ಟು ವಿಜಯನಗರದವರೆಗೆ ಇತ್ತು. ಆದರೂ ಮೇಷ್ಟರು ಎದ್ದು ನಿಂತರು. ಬೆಳಿಗ್ಗೆ ಕಿಟಕಿಯಿಂದ ನೋಡಿದ್ದ ಔಷಧದಂಗಡಿಯತ್ತ ನಡೆದರು. ಗಲ್ಲದ ಹಿಂದೆ ಕುಳಿತಿದ್ದ ನಡುವಯಸ್ಸಿನ ಅಂಗಡಿಯವರು ಅವಸರದಿಂದ ಎದ್ದು ಕೈಮುಗಿದರು.

“ಏನು ಬೇಕು, ಸಾರ್? ಬಿ.ಪಿ. ಮಾತ್ರೆ ಮುಗಿಯಿತೇ?”

“ಮಾತ್ರೆಯಲ್ಲ. ಪಿ.ಯು.ಸಿ. ಕಿರುಪರೀಕ್ಷೆಯಲ್ಲಿ ನೀನು ಒಂದು ಉತ್ತರ ಬರೆದಿದ್ದೆ. ನೀರಿಗೆ ಕೈಹಿಡಿಯಲು ಬರುವುದಾದರೆ ಅದರ ತಮ್ಮನಿಗೂ ಸ್ವಲ್ಪವಾದರೂ ಬರಬೇಕಲ್ಲ ಎಂದು. ನೆನಪಿದೆಯೆ?”

“ಸೊನ್ನೆ ಕೊಟ್ಟಿದ್ದಿರಿ, ಸಾರ್,” ಎಂದು ಅವರು ನಕ್ಕರು. “ಅದೇಕೆ ಈಗ?”

“ಎರಡು ಅಂಕ ಬಾಕಿ ಉಳಿದಿದೆ,” ಎಂದರು ಮೇಷ್ಟರು. “ಕುಳಿತುಕೋ, ಹೇಳುತ್ತೇನೆ.”

ಮೊಮ್ಮಗಳು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಕೆಂಗೇರಿಗೆ ಹೋಗಬೇಕಾದ ಬಸ್ಸುಗಳು ಇನ್ನೂ ಹಲವಾರಿದ್ದವು. ವೃಷಭಾವತಿ ಎಲ್ಲಿಗೂ ಹೋಗುವಂತಿರಲಿಲ್ಲ.